ನೀರ್ ಸಾಬ್ ಅಂದ್ರೆ ಯಾರು ಅಂತ ಮಗಳು ಕೇಳಿದಳು

ಬೋರಿಂಗ್ ಮೇಷ್ಟ್ರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಗುಂಡ್ಲುಪೇಟೆ ಕಡೆಯವನು, ಪ್ರೈಮರಿ ಸ್ಕೂಲ್ ಮೇಷ್ಟ್ರು. ಮಗಳಿಗೆ ಈ ವರ್ಷ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕೆಲಸ ಸಿಕ್ಕಿದೆ. ತರಬೇತಿಗೆ ಮೈಸೂರಿಗೆ ಹೋಗಿದ್ದಳು. ವಾಪಸ್ ಬಂದ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಅಪ್ಪಾ, ನಮ್ಮ ತರಬೇತಿ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅಂತ ಹೆಸರಿಟ್ಟಿದ್ದಾರಲ್ಲ, ಯಾರದು?"

ಮುದ್ದೆ ಮುರಿದ ಕೈ ಹಾಗೇ ನಿಂತಿತು. ಅವರು ನಮ್ಮ ತಾಲ್ಲೂಕಿನವರೇ. ನಮ್ಮ ಮನೆ ಮಗುವಿಗೆ ಗೊತ್ತಿಲ್ಲ ಅಂದ್ರೆ ತಪ್ಪು ನನ್ನದೇ ಅಲ್ವಾ?

ನನಗೆ ಗೊತ್ತಿದ್ದಷ್ಟು ಹೇಳಿದೆ. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ ಆಗಿದ್ದರು, ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿದರು, ಅದಕ್ಕೇ ಜನ ನೀರ್ ಸಾಬ್ ಅಂತ ಕರೆದರು, 1988ರ ಅಕ್ಟೋಬರ್‌ನಲ್ಲಿ ತೀರಿಕೊಂಡರು ಅಂತ. ಇಷ್ಟು ಹೇಳೋಕೆ ಎರಡು ನಿಮಿಷ ಸಾಕಾಯ್ತು. ಆಮೇಲೆ ನನ್ನ ಬಾಯಿಗೆ ಬಂದದ್ದೆಲ್ಲ ನಮ್ಮೂರ ಬೋರಿಂಗ್ ಕಥೆಯೇ.

ನಾನಾಗ ಹನ್ನೊಂದು ವರ್ಷದ ಹುಡುಗ. ಊರ ಬಾವಿ ಎರಡು ಫರ್ಲಾಂಗ್ ದೂರ. ಅಮ್ಮ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಹೋಗೋರು. ಬೇಸಿಗೆಯಲ್ಲಿ ನೀರು ತಳ ಸೇರಿಬಿಡುತ್ತಿತ್ತು, ಹಗ್ಗ ಬಿಟ್ಟರೆ ಬಿಂದಿಗೆ ಕಲ್ಲಿಗೆ ಬಡಿದು ಠಣ್ ಅನ್ನುತ್ತಿತ್ತು. ಆಗ ನನ್ನಂಥ ಸಣಕಲು ಹುಡುಗರನ್ನು ಒಳಗೆ ಇಳಿಸೋರು. ಕೆಳಗೆ ಕೂತು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸಬೇಕು. ಒಂದು ಕೊಡ ತುಂಬೋಕೆ ಕಾಲು ಗಂಟೆ. ಮೇಲಿಂದ ಹೆಂಗಸರು ಬೈಯೋದು ಕೇಳಿಸೋದು, ಆಕಾಶ ಒಂದು ತಟ್ಟೆಯಷ್ಟು ಕಾಣೋದು.

ಒಂದು ದಿನ ಕೊರೆಯೋ ಲಾರಿ ಬಂತು. ರಾತ್ರಿಯೆಲ್ಲ ಸದ್ದು. ಬೆಳಿಗ್ಗೆ ಎದ್ದರೆ ಬೀದಿ ಮನೆಗಳ ಹೆಂಚಿನ ಮೇಲೆಲ್ಲ ಬಿಳಿ ಪುಡಿ. ಕೆಲವು ದಿನ ಬಿಟ್ಟು ಪಂಪು ನಿಲ್ಲಿಸಿದರು. ಅಜ್ಜಿಗೆ ಮಾತ್ರ ಅದು ಆಗಿಬರಲಿಲ್ಲ. ತುಕ್ಕು ವಾಸನೆ, ಬೇಳೆ ಬೇಯಲ್ಲ ಅಂತ ಒಂದು ವಾರ ಹಠ ಮಾಡಿದರು. (ಬೇಳೆ ವಿಷಯದಲ್ಲಿ ಅಜ್ಜಿ ಸರಿ. ಗಡಸು ನೀರು.) ಎಂಟನೇ ದಿನ ತಾವೇ ಹೋಗಿ ಹಿಡಿಕೆ ಒತ್ತಿದರು. ಸಾಯೋವರೆಗೂ ಅವರಿಗೆ ಗೊತ್ತಿದ್ದ ಮಂತ್ರಿ ಹೆಸರು ಅದೊಂದೇ.

ಎಲ್ಲ ಕೇಳಿ ಮಗಳು ಅಂದಳು: "ಸರಿ, ಪಂಪು ಹಾಕಿಸಿದ್ರು. ಈಗಿನವರೂ ಟ್ಯಾಂಕ್ ಕಟ್ಟಿಸ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸ್ತಾರೆ. ಅವರು ಅಷ್ಟು ಒಳ್ಳೆಯವರು ಹೇಗಾದ್ರು? ಸತ್ತವರನ್ನೆಲ್ಲ ನೀವು ದೇವರು ಮಾಡ್ತೀರಾ ಅಷ್ಟೇ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರನ್ನು ನಾನು ಕಣ್ಣಲ್ಲಿ ನೋಡಿದವನೂ ಅಲ್ಲ. ಆಗ ಕೆಲಸದಲ್ಲಿದ್ದವರು, ಆ ಕಾಲ ಕಂಡವರು ಇಲ್ಲಿ ಯಾರಾದರೂ ಇದ್ದರೆ ಹೇಳಿ. ನೀವು ಕಂಡದ್ದು ಮಾತ್ರ ಸಾಕು. ಪಾರ್ಟಿ ಜಗಳ ಬೇಡ, ದಯವಿಟ್ಟು.

---

ಹಳೇ ಕಾರ್ಯದರ್ಶಿ:

ಮೇಷ್ಟ್ರೇ, ನಾನು ಮಂಡಲ ಪಂಚಾಯ್ತಿ (ಕೆಲವು ಹಳ್ಳಿ ಸೇರಿದ ಆಗಿನ ಪಂಚಾಯ್ತಿ) ಕಾರ್ಯದರ್ಶಿ ಆಗಿದ್ದವನು. ನಿಮ್ಮ ಮಗಳ ಪ್ರಶ್ನೆ ಸರಿಯಾಗಿಯೇ ಇದೆ. ಪಂಪಿನಿಂದ ಶುರು ಮಾಡಿದರೆ ಉತ್ತರ ಸಿಗಲ್ಲ. ಪಂಚಾಯ್ತಿ ಕಾಯ್ದೆಯಿಂದ ಶುರು ಮಾಡಿ. ಆಕೆ ಹೇಗೂ ಪಿಡಿಒ, ಅರ್ಥ ಆಗುತ್ತೆ.

ಅದಕ್ಕೂ ಮೊದಲು ಹೇಗಿತ್ತು ಅಂದ್ರೆ, ಹಳ್ಳಿಯಲ್ಲಿ ಒಂದು ಮೋರಿ ಆಗಬೇಕಾದರೂ ಶಾಸಕರ ಪತ್ರ ಹಿಡಿದು ಬಿಡಿಒ (ಬ್ಲಾಕ್ ಅಭಿವೃದ್ಧಿ ಅಧಿಕಾರಿ) ಆಫೀಸಿಗೆ ಅಲೆಯಬೇಕಿತ್ತು. ಪತ್ರ ಯಾರಿಗೆ ಸಿಗುತ್ತೆ? ಓಟು ಹಾಕಿದ ಬೀದಿಗೆ. ನಜೀರ್ ಸಾಬರು ತಂದ 1983ರ ಪಂಚಾಯ್ತಿ ಕಾಯ್ದೆ ಅದನ್ನು ತಲೆಕೆಳಗು ಮಾಡಿತು. ರಾಷ್ಟ್ರಪತಿ ಅಂಕಿತ ಬರೋಕೆ 1985 ಆಯ್ತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲೆಗೊಂದು ಜಿಲ್ಲಾ ಪರಿಷತ್ ಬಂತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಜಿಲ್ಲಾಧಿಕಾರಿಗಿಂತ ಸೀನಿಯರ್ ಐಎಎಸ್ ಅಧಿಕಾರಿ. ಸ್ಕೂಲು, ಆಸ್ಪತ್ರೆ, ರಸ್ತೆ, ನೀರು ಎಲ್ಲ ಅಲ್ಲಿಗೆ. ಹೆಂಗಸರಿಗೆ ಶೇಕಡಾ 25 ಮೀಸಲಾತಿ. ಪಂಚಾಯ್ತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆಲ್ಲ ಬಂದದ್ದು 1993ರಲ್ಲಿ, ಲೆಕ್ಕ ಹಾಕಿ.

ಶಾಸಕರಿಗೆ ಉಳಿದದ್ದು ತಾಲ್ಲೂಕು ಪಂಚಾಯತ್ ಸಮಿತಿ ಅಧ್ಯಕ್ಷತೆ. ಅದರಲ್ಲಿ ಸಲಹೆ ಕೊಡಬಹುದು, ಕಾಫಿ ಕುಡಿಯಬಹುದು. ಸಿಟ್ಟು ಬರದೇ ಇರುತ್ತಾ? ನಜೀರ್ ಸಾಬರ ಪಕ್ಷದ ಶಾಸಕರೇ ಮುಖ ಗಂಟು ಹಾಕಿಕೊಂಡಿದ್ದರು. ಒಬ್ಬ ಮಂತ್ರಿ ತನ್ನ ಕೈಯಲ್ಲಿದ್ದ ಅಧಿಕಾರವನ್ನು ತಾನೇ ಹಂಚೋಕೆ ಕೂತಿದ್ದನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡದ್ದು ಅದೊಂದೇ ಸಲ.

ಇನ್ನೊಂದು ಸಂಗತಿ. ಆ ಚುನಾವಣೆಯಲ್ಲಿ ಕೆಲವು ಜಿಲ್ಲಾ ಪರಿಷತ್ತುಗಳು ಕಾಂಗ್ರೆಸ್ ಪಾಲಾದವು. ನಮ್ಮ ಮಂಡಲದಲ್ಲೂ ವಿರೋಧ ಪಕ್ಷದವರದೇ ಬಹುಮತ. ನಮ್ಮ ಪ್ರಧಾನರು, ಅಂದ್ರೆ ಮಂಡಲದ ಅಧ್ಯಕ್ಷರು, ಗಟ್ಟಿ ಕಾಂಗ್ರೆಸ್ಸಿಗರು. "ನೋಡ್ತಾ ಇರಿ, ನಮಗೆ ಒಂದು ಪೈಸೆ ಬಿಡುಗಡೆ ಆಗಲ್ಲ" ಅಂತ ನನ್ನ ಹತ್ತಿರ ಒಂದು ಕಟ್ಟು ಬೀಡಿ ಪಂದ್ಯ ಕಟ್ಟಿದರು. ಅಕ್ಕಪಕ್ಕದ ಮಂಡಲಗಳ ಹಾಗೆ ನಮಗೂ ತಲೆಲೆಕ್ಕದಲ್ಲಿ ದುಡ್ಡು ಬಂತು. ನಾನು ಬೀಡಿ ಸೇದಲ್ಲ. ಆದರೂ ಕೇಳಿ ಇಸ್ಕೊಂಡೆ.

ಈಚಿನ ಕಾಲ ನೋಡಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ದರ್ಬಾರು. ಸರ್ಕಾರ ಬದಲಾಯಿತು, ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅನ್ನೋ ನೆಪ ಬದಲಾಗಲಿಲ್ಲ. ಟೀವಿಯಲ್ಲಿ ಒಬ್ಬರನ್ನೊಬ್ಬರು ಬೈದಾಡೋರು ಈ ಒಂದು ವಿಷಯದಲ್ಲಿ ಎಷ್ಟು ಒಗ್ಗಟ್ಟು ನೋಡಿ!

---

ನೇರ ಮಾತು:

ಕಾರ್ಯದರ್ಶಿಗಳೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಮಗಳು ಕೇಳಿದ ಎರಡನೇ ಪ್ರಶ್ನೆ ಬಿಟ್ಟುಬಿಟ್ಟಿರಿ. ದೇವರು ಮಾಡೋ ಚಾಳಿ ನಮಗಿದೆ.

ಅದೇ ಸರ್ಕಾರದ ಕಾಲದಲ್ಲೇ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಗಲಾಟೆ ಆಯ್ತು. 1986ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ಹೆಗಡೆಯವರು ರಾಜೀನಾಮೆ ಕೊಟ್ಟು, ಮೂರು ದಿನಕ್ಕೆ ವಾಪಸ್ ತಗೊಂಡರು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ, ಕುರ್ಚಿಯೇ ಹೋಯಿತು. ಅಂದ ಮೇಲೆ ಅದು ಸತ್ಯಯುಗ ಏನಲ್ಲ. ಮಂಡಲ ಪಂಚಾಯ್ತಿಗಳ ಐದು ವರ್ಷ ಮುಗಿದಾಗ, 1992ರಲ್ಲಿ, ಆಗಿನ ಸರ್ಕಾರವೂ ಚುನಾವಣೆ ಮಾಡದೆ ಆಡಳಿತಾಧಿಕಾರಿಗಳನ್ನೇ ಕೂರಿಸಿತು. ನೆಪ ಹೇಳೋ ವಿದ್ಯೆ ಹೊಸದಲ್ಲ.

ಬೋರ್‌ವೆಲ್ ವಿಷಯಕ್ಕೂ ಇನ್ನೊಂದು ಮುಖ ಇದೆ. ನಾನು ಪಾವಗಡದವನು. ನಮ್ಮ ಕಡೆ ಆಳದ ನೀರಲ್ಲಿ ಫ್ಲೋರೈಡ್. ನನ್ನ ಹಲ್ಲು ನೋಡಿದರೆ ನಿಮಗೇ ಗೊತ್ತಾಗುತ್ತೆ. ಆದರೆ ನ್ಯಾಯವಾಗಿ ಹೇಳಬೇಕು ಅಂದ್ರೆ, ಕೈಪಂಪು ಒತ್ತಿ ಯಾರೂ ಅಂತರ್ಜಲ ಖಾಲಿ ಮಾಡಲಿಲ್ಲ. ಸಾವಿರ ಅಡಿ ಕೊರೆದು ಮೋಟಾರ್ ಇಳಿಸಿದವರು ನಾವು.

ಹಾಗಾದರೆ ಆಗಿನಿಂದ ಈಗಿನವರೆಗೆ ರಾಜಕೀಯ ಏನೂ ಕೆಟ್ಟಿಲ್ಲವಾ? ಕೆಟ್ಟಿದೆ. ಒಂದೇ ಉದಾಹರಣೆ ಕೊಡ್ತೀನಿ. 1984ರ ಕೊನೆಯಲ್ಲಿ ಲೋಕಸಭೆ ಚುನಾವಣೆ. ರಾಜ್ಯದ 28 ಸೀಟಿನಲ್ಲಿ ಹೆಗಡೆಯವರ ಜನತಾ ಪಕ್ಷಕ್ಕೆ ಸಿಕ್ಕಿದ್ದು 4. ಅದು ದಿಲ್ಲಿ ಚುನಾವಣೆ, ಇಲ್ಲಿನ ಸರ್ಕಾರಕ್ಕೆ ಯಾವ ಕಾನೂನಿನ ತೊಡಕೂ ಇರಲಿಲ್ಲ. ಆದರೂ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರಲ್ಲಿ ಜನ 139 ಸೀಟು ಕೊಟ್ಟು ಕಳಿಸಿದರು. ಲೆಕ್ಕಾಚಾರ ಇರಲಿಲ್ಲ ಅಂತ ನಾನು ಹೇಳಲ್ಲ, ರಾಜಕಾರಣಿ ಅಲ್ವಾ. ಆದರೆ ಮುಖಕ್ಕೆ ಅಂಜಿ ನಡೆಯೋದು ಅಂತ ಒಂದಿತ್ತು. ಜನ ಏನಂದಾರು ಅನ್ನೋ ಹೆದರಿಕೆ.

ಈಗ? 2019ರಲ್ಲಿ ಆಳುವ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲಿನಲ್ಲಿ ಕೂತಿದ್ದನ್ನು ನಾವು ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ ನೋಡಿದೆವು. ಅನರ್ಹ ಆದ 17 ಜನರಲ್ಲಿ ಹೆಚ್ಚಿನವರು ಮತ್ತೆ ನಿಂತರು, ಅವರಲ್ಲಿ ಬಹಳ ಜನ ಗೆದ್ದರು. ಗೆಲ್ಲಿಸಿದ್ದು ಯಾರು? 2020ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿಯನ್ನು ಪೀಠದಿಂದ ಎಳೆದಾಡಿದರು. ಆ ವಿಡಿಯೋಗೆ ನಮ್ಮ ಗ್ರೂಪಿನಲ್ಲಿ ಬಂದದ್ದು ನಗೋ ಎಮೋಜಿ. ಸುಮ್ನೆ ರಾಜಕಾರಣಿಗಳನ್ನು ಮಾತ್ರ ಬೈಯೋದು ಬೇಡ.

---

ಕೆರೆಬೀದಿ ಅಕ್ಕ:

ನಾನು ಹೇಳ್ತಾ ಇದ್ದೀನಿ, ಮೊಮ್ಮಗ ಟೈಪ್ ಮಾಡ್ತಾ ಇದ್ದಾನೆ. ತಪ್ಪಿದ್ದರೆ ಅವನದು.

ನಾನು 87ರಲ್ಲಿ ಮಂಡಲ ಪಂಚಾಯ್ತಿ ಮೆಂಬರ್ ಆಗಿದ್ದೆ. ಹೆಂಗಸರ ಸೀಟು ಅಂತ ಬಂತಲ್ಲ, ಅದರಲ್ಲಿ. ನಿಲ್ಲಿಸಿದ್ದು ನಮ್ಮ ಯಜಮಾನರು, ಸುಳ್ಳು ಯಾಕೆ ಹೇಳಲಿ. ಮೊದಲ ಮೀಟಿಂಗಿಗೆ ಅವರೂ ಬಂದು ನನ್ನ ಪಕ್ಕ ಕೂತರು. ಕಾರ್ಯದರ್ಶಿ ಎದ್ದು "ಅಣ್ಣಾ, ತಾವು ಹೊರಗಿರಬೇಕು" ಅಂದರು. ನಮ್ಮವರಿಗೆ ಅವಮಾನ, ಮೂರು ದಿನ ಮನೆಯಲ್ಲಿ ಮಾತಿಲ್ಲ. ಎರಡನೇ ಮೀಟಿಂಗಿಗೆ ನಾನೊಬ್ಬಳೇ ಹೋದೆ.

ನನ್ನ ಎದುರು ನಿಂತಿದ್ದವಳು ನಮ್ಮವರ ಚಿಕ್ಕಮ್ಮನ ಸೊಸೆ. ಎಣಿಕೆ ದಿನ ಇಬ್ಬರೂ ಒಂದೇ ಗಾಡಿಯಲ್ಲಿ ಹೋದೆವು, ಬುತ್ತಿ ಅವಳು ಕಟ್ಟಿದ್ದಳು. ಹನ್ನೊಂದು ಓಟಲ್ಲಿ ನಾನು ಗೆದ್ದೆ. ವಾಪಸ್ ಬರ್ತಾ ಅವಳು ಅತ್ತಳು, ನಾನೂ ಅತ್ತೆ. ಬುತ್ತಿ ಮಾತ್ರ ಬಿಡಲಿಲ್ಲ. ಈಗ ಎಲೆಕ್ಷನ್ ಬಂದರೆ ಎದುರಾಳಿ ಮನೆ ಹೆಂಗಸರನ್ನ ಎಳೆದು ತಂದು ಮಾತಾಡ್ತಾರೆ, ಕೆಳಗೆ ಕೂತವರು ಶಿಳ್ಳೆ ಹೊಡೀತಾರೆ. ಆ ಶಿಳ್ಳೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ.

ಮೇಷ್ಟ್ರು ಬೋರಿಂಗ್ ವಿಷಯ ಬರೆದಿದ್ದೀರಿ. ನಿಮಗೆ ಗೊತ್ತಿಲ್ಲದ್ದು ಒಂದು ಹೇಳಲಾ? ನಮ್ಮದು ಕೇರಿ. ಊರ ಬಾವಿ ನಾವು ಮುಟ್ಟೋ ಹಾಗಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು, ಯಾರಾದರೂ ಪುಣ್ಯಾತ್ಮರು ಬಂದು ಸೇದಿ ಮೇಲಿಂದ ಸುರಿಯೋವರೆಗೆ. ಸರ್ಕಾರದ ಬೋರಿಂಗ್ ಬಂದಾಗ ಅದು ಕೊರೆದದ್ದು ನಮ್ಮ ಕೇರಿಯಲ್ಲಿ. ಆ ಏಪ್ರಿಲ್‌ನಲ್ಲಿ ಊರ ಬಾವಿ ಬತ್ತಿತು. ಮೇಲಿನ ಬೀದಿ ಹೆಂಗಸರು ಕೊಡ ಹಿಡಿದು ನಮ್ಮ ಹತ್ತಿರ ಬಂದರು. ಮೊದಮೊದಲು ಹಿಡಿಕೆಗೆ ನೀರು ಸುರಿದು ಆಮೇಲೆ ಮುಟ್ಟೋರು. ನಾವು ನೋಡ್ತಾ ಇದ್ದೆವು, ಏನೂ ಅನ್ನಲಿಲ್ಲ. ದಿನಾ ನೂರು ಜನ ಒತ್ತೋ ಹಿಡಿಕೆಗೆ ಎಷ್ಟು ಸಲ ಸುರೀತಾರೆ? ಬೇಸಿಗೆ ಮುಗಿಯೋದರೊಳಗೆ ಬಿಟ್ಟರು.

ಆ ಮಂತ್ರಿಗಳು ಅಷ್ಟು ಯೋಚನೆ ಮಾಡಿದ್ದರೋ ಇಲ್ಲವೋ ನನಗೆ ತಿಳಿಯದು. ನಮ್ಮ ಬೀದಿ ಬಿಟ್ಟು ಮುಂದೆ ಹೋಗಲಿಲ್ಲ, ಅಷ್ಟು ಗೊತ್ತು.

---

ನೇರ ಮಾತು:

ಅಕ್ಕಾ, ನಿಮ್ಮ ಮುಂದೆ ನನ್ನ ಫ್ಲೋರೈಡ್ ಮಾತು ಸಪ್ಪೆ ಆಯ್ತು. ಮೊಮ್ಮಗನಿಗೆ ಹೇಳಿ, ತಪ್ಪಿಲ್ಲ.

---

ಬೋರಿಂಗ್ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ನಿಮ್ಮ ಉತ್ತರಗಳನ್ನು ಮಗಳಿಗೆ ಓದಿಸಿದೆ. ಕಾರ್ಯದರ್ಶಿಗಳು ಬರೆದದ್ದನ್ನು ಎರಡು ಸಲ ಓದಿದಳು. "ತರಬೇತಿಯಲ್ಲಿ ಕಾಯ್ದೆ ಹೇಳಿಕೊಟ್ರು, ಬೀಡಿ ಪಂದ್ಯ ಹೇಳಲಿಲ್ಲ" ಅಂದಳು. ಅಕ್ಕ ಬರೆದದ್ದು ಓದಿ ಏನೂ ಅನ್ನಲಿಲ್ಲ. ನಮ್ಮೂರ ಬಾವಿಯ ಹತ್ತಿರ ಯಾರು ದೂರ ನಿಲ್ಲುತ್ತಿದ್ದರು ಅಂತ ಆಮೇಲೆ ನನ್ನನ್ನು ಕೇಳಿದಳು. ನನಗೆ ನೆನಪಿತ್ತು. ಆದರೆ ಮೊದಲು ಬರೆಯುವಾಗ ಅದು ಕೈಗೆ ಬರಲೇ ಇಲ್ಲ. ಬಾವಿಯೊಳಗೆ ಇಳಿದದ್ದು, ಅಜ್ಜಿಯ ಬೇಳೆ ಎಲ್ಲ ಬರೆದೆ, ಅದನ್ನು ಬರೆಯಲಿಲ್ಲ. ಅಕ್ಕ, ಕ್ಷಮಿಸಿ.

ಭಾನುವಾರ ಇಬ್ಬರೂ ಹಳೇ ಬೋರಿಂಗ್ ಹತ್ತಿರ ಹೋಗಿದ್ದೆವು. ಕಟ್ಟೆ ಒಡೆದಿದೆ, ಪಂಪು ನಿಂತಿದೆ. ಯಾರೋ ಲೀಡರ್ ಹುಟ್ಟುಹಬ್ಬದ ಫ್ಲೆಕ್ಸಿನ ಹಗ್ಗವನ್ನು ಅದರ ಕತ್ತಿಗೇ ಬಿಗಿದು ಕಟ್ಟಿದ್ದಾರೆ. ಯಾವ ಪಾರ್ಟಿ ಅಂತ ಹೇಳಲ್ಲ, ಪಾರ್ಟಿ ಜಗಳ ಬೇಡ ಅಂತ ನಾನೇ ಅಂದಿದ್ದೆ. ಮಗಳು ಹಗ್ಗ ಬಿಚ್ಚಿ ಪಕ್ಕದ ಕಂಬಕ್ಕೆ ಕಟ್ಟಿದಳು. ಹಿಡಿಕೆ ಒತ್ತಿ ನೋಡಿದೆ, ಸಡಿಲವಾಗಿ ಕೆಳಗೆ ಬಿತ್ತು. ಮೇಲಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಚೈನ್ ತುಂಡಾಗಿದೆ. ಕಲ್ಲು ಹಾಕಿದರೆ ಕೆಳಗೆ ನೀರಿನ ಸದ್ದು ಕೇಳುತ್ತೆ ಅಂತ ಪಕ್ಕದ ಮನೆಯವರು ಹೇಳ್ತಾರೆ, ಮಕ್ಕಳು ಹಾಕ್ತಾನೇ ಇರ್ತಾರಂತೆ.

ಈ ಹಳೇ ಮಾರ್ಕ್ 2 ಪಂಪಿನ ಚೈನ್ ಈಗ ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ?