ರಾತ್ರಿ 9ರ ನಂತರ ಪಿಂಗ್ 40ರಿಂದ 240: ತಪ್ಪು ಗೇಮ್ ಸರ್ವರ್‌ದಾ?

ತೋಟದಂಚು (ಶಿರಸಿ):
ಐದೈದು ಜನರ ಶೂಟರ್ ಗೇಮ್, ಸರ್ವರ್ ಮುಂಬೈ. ಮನೆಗೆ ಫೈಬರ್ ಇದೆ, ಡೌನ್‌ಲೋಡ್ 40 ಎಂಬಿಪಿಎಸ್, ಅಪ್‌ಲೋಡ್ 10. ಹಗಲು ಪಿಂಗ್ 38–42 ಮಿಲಿಸೆಕೆಂಡ್. ರಾತ್ರಿ 9 ದಾಟಿದ ಮೇಲೆ ಆಗಾಗ 200 ಮೀರ್ತದೆ, 240ಕ್ಕೂ ಹೋಗ್ತದೆ. ಗೋಡೆ ಹಿಂದೆ ಪೂರ್ತಿ ಅಡಗಿದ ಮೇಲೂ ಗುಂಡು ತಾಗ್ತದೆ. ಗೇಮ್ ತೆಗೆದು ಮತ್ತೆ ಹಾಕಿದ್ದಾಯ್ತು, ಡಿಎನ್‌ಎಸ್ ಬದಲಿಸಿದ್ದಾಯ್ತು, ಏನೂ ವ್ಯತ್ಯಾಸ ಇಲ್ಲ. ಸತತ ಗೆದ್ದರೆ ಕಂಪನಿಯವರೇ ಬೇಕಂತ ನಿಧಾನದ ಸರ್ವರ್‌ಗೆ ಹಾಕ್ತಾರೆ ಅಂತ ಗೆಳೆಯರು ಹೇಳ್ತಾರೆ. 100 ಎಂಬಿಪಿಎಸ್ ಪ್ಲಾನ್ ತಗೊಂಡ್ರೆ ಸರಿಹೋಗ್ತದಾ?

ಕಾಳಿ ಸಂಗಮ (ಕಾರವಾರ):
ಪ್ಲಾನಿಗೆ ಈಗಲೇ ದುಡ್ಡು ಹಾಕಬೇಡಿ. ಇಂಥ ಗೇಮ್ ಸೆಕೆಂಡಿಗೆ ಬಳಸೋದು ಕೆಲವು ಹತ್ತು ಕಿಲೋಬೈಟ್ ಅಷ್ಟೇ, 40 ಎಂಬಿಪಿಎಸ್‌ನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಪಿಂಗ್ ಅಂದರೆ ಮಾಹಿತಿ ಹೋಗಿ ಬರೋ ಸಮಯ. ಡಿಎನ್‌ಎಸ್‌ನ ಕೆಲಸ ಸರ್ವರ್‌ನ ವಿಳಾಸ ಹುಡುಕಿಕೊಡುವಲ್ಲಿಗೆ ಮುಗೀತು, ಆಟ ಶುರುವಾದ ಮೇಲೆ ಅದಕ್ಕೂ ಪಿಂಗ್‌ಗೂ ಸಂಬಂಧ ಇಲ್ಲ. ಗೇಮ್ ಮತ್ತೆ ಹಾಕೋದರಿಂದ ಫೈಲ್ ಕೆಟ್ಟಿದ್ದರೆ ಮಾತ್ರ ಉಪಯೋಗ.

ಹಗಲು 40 ಬರ್ತಿದೆ ಅಂದ್ಮೇಲೆ ದಾರಿ ಸರಿಯಿದೆ. ರಾತ್ರಿ ಎಲ್ಲಿ ಕಟ್ಟಿಕೊಳ್ತದೆ ಅಂತ ತುಂಡು ತುಂಡಾಗಿ ಅಳೆಯಿರಿ. ವಿಂಡೋಸ್‌ನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, ಎರಡರಲ್ಲೂ ಪಿಂಗ್ ಕಮಾಂಡನ್ನು ಹೈಫನ್-ಟಿ ಸೇರಿಸಿ ಓಡಿಸಿ. ನಿಲ್ಲಿಸುವ ತನಕ ಅಳೀತಾ ಇರ್ತದೆ. ಒಂದರಲ್ಲಿ ನಿಮ್ಮ ರೂಟರ್ ವಿಳಾಸ ಹಾಕಿ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಇನ್ನೊಂದರಲ್ಲಿ 1.1.1.1, ಅದು ಮನೆಯ ಹೊರಗೆ ಇಂಟರ್ನೆಟ್‌ನಲ್ಲಿರೋ ಒಂದು ಸಾರ್ವಜನಿಕ ಸರ್ವರ್. ಮೊದಲು ಲ್ಯಾನ್ ಕೇಬಲ್ ಹಾಕಿ ಐದು ನಿಮಿಷ, ಆಮೇಲೆ ವೈಫೈಯಲ್ಲಿ ಐದು ನಿಮಿಷ.

ಕೇಬಲ್‌ನಲ್ಲಿ ರೂಟರ್ 1–3 ಮಿಲಿಸೆಕೆಂಡ್ ಒಳಗೆ ಉತ್ತರ ಕೊಡಬೇಕು. ವೈಫೈಯಲ್ಲಿ ಅದೇ 60–70ಕ್ಕೆ ಜಿಗಿದರೆ ತೊಂದರೆ ಮನೆಯೊಳಗೇ ಇದೆ. ನಮ್ಮ ಕಡೆ ಚಿರೇಕಲ್ಲಿನ ದಪ್ಪ ಗೋಡೆ, ಎರಡು ಗೋಡೆ ದಾಟೋಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗಿ ಹೋಗ್ತದೆ.

ಕೊನೆಗೆ ಮುಖ್ಯ ಪರೀಕ್ಷೆ. ಕೇಬಲ್‌ನಲ್ಲೇ ಇದ್ದು, 1.1.1.1 ಕಿಟಕಿ ಓಡ್ತಿರುವಾಗ ಫೋನಿನಿಂದ ಒಂದು ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಿ. ಸಂಖ್ಯೆ ಏನಾಗ್ತದೆ ಬರೆಯಿರಿ.

ಶರಾವತಿ ದಂಡೆ (ಹೊನ್ನಾವರ):
ಟ್ರೇಸ್ ರೂಟ್ (ಮಾಹಿತಿ ದಾಟಿ ಹೋಗೋ ಪ್ರತಿ ರೂಟರನ್ನೂ ಸಾಲಾಗಿ ತೋರಿಸೋ ಕಮಾಂಡ್) ಒಂದ್ಸಲ ಹಾಕಿ ನೋಡಿ. ನಡುವೆ ಎಲ್ಲೋ ನಕ್ಷತ್ರ ಚಿಹ್ನೆ ಬರ್ತಿದ್ರೆ ಅಲ್ಲೇ ಲೈನ್ ಕೆಟ್ಟಿದೆ ಅಂತ. ಇಲ್ಲದಿದ್ರೆ ಸಿಂಗಾಪುರದ ವಿಪಿಎನ್ (ಮಾಹಿತಿಯನ್ನು ಬೇರೆ ಸರ್ವರ್ ಮೂಲಕ ದಾಟಿಸೋ ಸೇವೆ) ತಗೊಳ್ಳಿ, ಪಿಂಗ್ ಇಳೀತದೆ.

ಕಾಳಿ ಸಂಗಮ (ಕಾರವಾರ):
ಎರಡೂ ಸರಿಯಲ್ಲ. ನಡುವಿನ ರೂಟರ್‌ಗಳು ಮಾಹಿತಿ ದಾಟಿಸೋದಕ್ಕೆ ಮೊದಲ ಆದ್ಯತೆ ಕೊಡ್ತವೆ, ನಮ್ಮ ಪರೀಕ್ಷೆಗೆ ಉತ್ತರ ಕೊಡೋದನ್ನು ತಡ ಮಾಡ್ತವೆ ಅಥವಾ ಬಿಟ್ಟೇಬಿಡ್ತವೆ. 5ನೇ ಸಾಲಿನಲ್ಲಿ ನಕ್ಷತ್ರ ಇದ್ದು 6, 7, 8 ಸರಿಯಿದ್ದರೆ ತೊಂದರೆ ಏನಿಲ್ಲ. 5ರಲ್ಲಿ ಏರಿದ ಸಂಖ್ಯೆ ಕೊನೆಯ ಸಾಲಿನ ತನಕ ಹಾಗೇ ಉಳಿದರೆ ಮಾತ್ರ ಅಲ್ಲಿ ಸಮಸ್ಯೆ.

ಇನ್ನು ದೂರದ ಲೆಕ್ಕ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗ್ತದೆ, ಅಂದರೆ ಪ್ರತಿ 1000 ಕಿ.ಮೀ. ದೂರಕ್ಕೆ ಹೋಗಿಬರಲು 10 ಮಿಲಿಸೆಕೆಂಡ್. ಶಿರಸಿಯಿಂದ ಸಿಂಗಾಪುರ ನೇರ ಗೆರೆಯಲ್ಲೇ ಸುಮಾರು 3500 ಕಿ.ಮೀ. ಮುಂಬೈ ಸರ್ವರ್‌ಗೆ ಹೋಗೋ ಮಾಹಿತಿಯನ್ನು ಸಿಂಗಾಪುರ ಸುತ್ತಿಸಿ ತಂದರೆ ಬರೀ ಅಲ್ಲಿಗೆ ಹೋಗಿಬರಲು 35 ಬೇಕು, ಯಾವ ಆ್ಯಪ್ ಕೂಡ ಇದನ್ನು ಕಡಿಮೆ ಮಾಡಲಾರದು. ಸೇವೆ ಕೊಡುವವರೇ ಮಾಹಿತಿಯನ್ನು ಸುತ್ತು ದಾರಿಯಲ್ಲಿ ಕಳಿಸ್ತಿದ್ದಾಗ ಮಾತ್ರ ವಿಪಿಎನ್ ಸಹಾಯ ಮಾಡ್ತದೆ. ಹಗಲು 40 ಬರೋರಿಗೆ ಆ ಸಮಸ್ಯೆ ಇಲ್ಲ.

ತೋಟದಂಚು (ಶಿರಸಿ):
ಅಳೆದೆ. ಕೇಬಲ್: ರೂಟರ್ 1–2, 1.1.1.1ಕ್ಕೆ 22–25. ವೈಫೈ: ರೂಟರ್ 4ರಿಂದ 70, ಒಂದೇ ಸಮ ಇಲ್ಲ. ಕೇಬಲ್‌ನಲ್ಲಿ ವಿಡಿಯೊ ಅಪ್‌ಲೋಡ್ ಹಾಕಿದ ತಕ್ಷಣ 1.1.1.1 ಸೀದಾ 215–230, ನಿಲ್ಲಿಸಿದ ಕೂಡಲೇ ವಾಪಸ್ 24. ರೂಟರ್ ಕಿಟಕಿಯಲ್ಲಿ ಆಗಲೂ 2.

ಕಾಳಿ ಸಂಗಮ (ಕಾರವಾರ):
ಉತ್ತರ ಸಿಕ್ಕಿತು. ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್. ಅದು ತುಂಬಿದಾಗ ಹೆಚ್ಚುವರಿ ಮಾಹಿತಿ ಫೈಬರ್ ಸಾಧನದ ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಕ್ಯೂ ನಿಲ್ತದೆ. ಸುಮಾರು 250 ಕಿಲೋಬೈಟ್ ಕ್ಯೂ ಅಂದರೆ 2 ಮೆಗಾಬಿಟ್. 10 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು 200 ಮಿಲಿಸೆಕೆಂಡ್. ನಿಮ್ಮ 40ಕ್ಕೆ ಈ 200 ಸೇರಿಸಿ. ರಾತ್ರಿ ಎಲ್ಲರ ಫೋನು ಮನೆಗೆ ಬಂದು, ಚಾರ್ಜಿಗೆ ಕೂತು ಫೋಟೊ ಬ್ಯಾಕಪ್ ಶುರು ಮಾಡೋ ಹೊತ್ತು ಅದು.

ಖರ್ಚಿಲ್ಲದ ದಾರಿ: ಆಡುವ ಹೊತ್ತಲ್ಲಿ ಎಲ್ಲ ಫೋನುಗಳ ಬ್ಯಾಕಪ್ ತಡೆದಿಡಿ. ಪಕ್ಕಾ ದಾರಿ: ಎಸ್‌ಕ್ಯೂಎಂ (ಕ್ಯೂ ಉದ್ದ ಬೆಳೆಯದಂತೆ ನೋಡಿಕೊಳ್ಳೋ ವ್ಯವಸ್ಥೆ) ಇರುವ ರೂಟರ್. ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಮುಕ್ತ ರೂಟರ್ ಸಾಫ್ಟ್‌ವೇರ್ ಹಾಕಬಹುದಾದ ರೂಟರ್ ಆದರೆ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ ‘ಕೇಕ್’ ಆಯ್ಕೆ ಮಾಡಿ. ಅಪ್‌ಲೋಡ್ ಮಿತಿ 8.5–9, ಡೌನ್‌ಲೋಡ್ 35–36 ಎಂಬಿಪಿಎಸ್. ಲೈನಿನ ನಿಜವಾದ ವೇಗಕ್ಕಿಂತ ಕಡಿಮೆ ಇಡಲೇಬೇಕು. ಪೂರ್ತಿ 10 ಕೊಟ್ಟರೆ ಕ್ಯೂ ಮತ್ತೆ ಫೈಬರ್ ಸಾಧನದಲ್ಲೇ ಬೆಳೀತದೆ, ರೂಟರ್ ಕೈಗೆ ನಿಯಂತ್ರಣ ಸಿಗೋದಿಲ್ಲ. ಹಾಕಿದ ಮೇಲೆ ಅದೇ ವಿಡಿಯೊ ಪರೀಕ್ಷೆ ಮಾಡಿ, 24 ಇದ್ದದ್ದು 30–35 ದಾಟಬಾರದು. ವೈಫೈಯ 70ಕ್ಕೆ ಪಕ್ಕಾ ಮದ್ದು ಬೇಕಾದರೆ ಆಟದ ಕೋಣೆಗೆ ಕೇಬಲ್ ಎಳೆಯಿರಿ.

ಅಘನಾಶಿನಿ (ಕುಮಟಾ):
ಗೋಡೆ ಹಿಂದಿನ ಗುಂಡಿನ ವಿಷಯ ಯಾರೂ ಮುಟ್ಟಲಿಲ್ಲ. ಇದಕ್ಕೇ ಅತಿ ಹೆಚ್ಚು ಜನ ಎದುರಾಳಿಯನ್ನು ಮೋಸಗಾರ ಅಂತ ಕರೀತಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೀತೇನೆ.

ಸರ್ವರ್ 64 ಟಿಕ್‌ನದ್ದು ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ ಆಟದ ಸ್ಥಿತಿ ಲೆಕ್ಕ ಹಾಕ್ತದೆ. ಎದುರಾಳಿಯ ಪಿಂಗ್ 90, ಒಂದು ಕಡೆಗೆ 45. ನಿಮ್ಮ ಪಿಂಗ್ 240, ಅದರಲ್ಲಿ ಕ್ಯೂ ಇರೋದು ಅಪ್‌ಲೋಡ್ ಕಡೆ: ಹೋಗಲು 220, ಬರಲು 20. ನಿಮ್ಮ ಪರದೆಯಲ್ಲಿ ನೀವು ಗೋಡೆ ಹಿಂದೆ ಸರಿದ ಕ್ಷಣ ಸೊನ್ನೆ. ಆ ಸುದ್ದಿ ಸರ್ವರ್ ಮುಟ್ಟೋದು 220ಕ್ಕೆ, ಎದುರಾಳಿಯ ಯಂತ್ರಕ್ಕೆ 265ಕ್ಕೆ. ಚಲನೆ ನಯವಾಗಿ ಕಾಣಲಿ ಅಂತ ಅವನ ಗೇಮ್ ಎರಡು ಟಿಕ್ ಹಿಂದಿನದನ್ನು ತೋರಿಸ್ತದೆ, ಇನ್ನೂ 31 ಸೇರಿಸಿ. ಅಂದರೆ 296ರ ತನಕ ಅವನ ಕಣ್ಣಿಗೆ ನೀವು ಬಯಲಲ್ಲೇ ಇದ್ದೀರಿ. ಅವನು 290ಕ್ಕೆ ಹೊಡೆದ. ಸರ್ವರ್‌ಗೆ ಅದು 335ಕ್ಕೆ ತಲುಪ್ತದೆ. ಅವನು ಒತ್ತಿದಾಗ ಅವನ ಪರದೆಯಲ್ಲಿ ಏನಿತ್ತು ಅಂತ ಸರ್ವರ್ ಸಮಯ ಹಿಂದಕ್ಕೆ ತಿರುಗಿಸಿ ನೋಡಿ, ಗುಂಡು ತಾಗಿತು ಅಂತ ತೀರ್ಮಾನಿಸ್ತದೆ. ನಿಮಗೆ ಸುದ್ದಿ 355ಕ್ಕೆ. ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಗೋಡೆ ಹಿಂದೆ ಇದ್ದು ಸತ್ತ ಹಾಗೆ ಕಾಣ್ತದೆ. ನಿಮ್ಮ ಹಗಲಿನ 40ರಲ್ಲಿ ಇದೇ ಲೆಕ್ಕ ಹಾಕಿದರೆ 155. ಈ ಹಿಂದಕ್ಕೆ ತಿರುಗಿಸೋ ವ್ಯವಸ್ಥೆ ಇಲ್ಲದಿದ್ದರೆ ಓಡುವವನ ಮುಂದೆ ಅಂದಾಜು ಮಾಡಿ ಗುಂಡು ಬಿಡಬೇಕಾಗ್ತಿತ್ತು. ವ್ಯಾಲರಂಟ್ ಅನ್ನೋ ಶೂಟರ್ ಗೇಮ್‌ನಲ್ಲಿ ಟಿಕ್ 128, ಅಲ್ಲಿ ಎರಡು ಟಿಕ್ ಕೂಡಿದರೂ 15.6 ಅಷ್ಟೇ, ಆದರೆ ಕ್ಯೂನಲ್ಲಿ ಹೋಗೋ 200ನ್ನು ಅದು ಕೂಡ ತುಂಬಿಕೊಡಲಾರದು.

ಸರ್ವರ್ ನಿಜವಾಗಿ ಸೋತಾಗ ಹತ್ತೂ ಆಟಗಾರರು ಒಂದೇ ಕ್ಷಣ ಜಗ್ಗಾಡ್ತಾರೆ. ಚಾಟ್‌ನಲ್ಲಿ ಕೇಳಿ. ನಿಮಗೊಬ್ಬರಿಗೇ ಆದರೆ ಅದು ನಿಮ್ಮ ಲೈನು.

ತೋಟದಂಚು (ಶಿರಸಿ):
ಮತ್ತೆ ಗೆದ್ದಮೇಲೆ ಸೋಲೋದು ಯಾಕೆ? ಇಪ್ಪತ್ತು ಜನ ಸೇರಿ ರಿಪೋರ್ಟ್ ಕೊಟ್ಟರೆ ಬ್ಯಾನ್ ಆಗ್ತದಾ?

ಅಘನಾಶಿನಿ (ಕುಮಟಾ):
ಗೆದ್ದಾಗ ನಿಮ್ಮ ರೇಟಿಂಗ್ ಏರ್ತದೆ, ಮುಂದಿನ ಎದುರಾಳಿ ಆ ಮಟ್ಟದವನೇ ಬರ್ತಾನೆ. ಚೆಸ್‌ನಿಂದ ಬಂದ ಈಲೋ ರೇಟಿಂಗ್ ಪದ್ಧತಿಯಲ್ಲಿ 200 ಅಂಕ ಮೇಲಿದ್ದವನ ಗೆಲುವಿನ ನಿರೀಕ್ಷೆ 76 ಪ್ರತಿಶತ, ಸಮಾನರಿಗೆ 50. ನಿಮ್ಮ ನಿಜವಾದ ಮಟ್ಟ ಮುಟ್ಟಿದ ಮೇಲೆ ಅರ್ಧ ಗೆಲುವು ಅರ್ಧ ಸೋಲು ತಾನಾಗೇ ಬರ್ತದೆ, ಅದಕ್ಕೆ ಕೆಟ್ಟ ಸರ್ವರ್ ಬೇಕಿಲ್ಲ.

ರಿಪೋರ್ಟ್ ಸಾಮಾನ್ಯವಾಗಿ ಪರಿಶೀಲನೆಗೆ ದಾರಿ, ಅದೇ ತೀರ್ಪಲ್ಲ. ಮೋಸದ ಸಾಫ್ಟ್‌ವೇರ್ ಹಾಕಿದವನು ಮರುದಿನವೂ ಆಡ್ತಿದ್ದರೆ ಕಂಪನಿ ಸುಮ್ಮನಿದೆ ಅಂತ ಅಲ್ಲ. ಗೇಮ್ ಕಂಪನಿ ವಾಲ್ವ್‌ನ ವ್ಯಾಕ್ ಅನ್ನೋ ಮೋಸ ಪತ್ತೆ ಪದ್ಧತಿ ಬೇಕಂತಲೇ ತಡಮಾಡಿ, ಒಟ್ಟೊಟ್ಟಿಗೆ ಬ್ಯಾನ್ ಮಾಡ್ತದೆ. ಹಿಡಿದ ಕ್ಷಣವೇ ಹಾಕಿದರೆ ಯಾವುದು ಸಿಕ್ಕಿಬಿತ್ತು ಅಂತ ಅದನ್ನು ಬರೆದವರಿಗೆ ಗೊತ್ತಾಗಿಬಿಡ್ತದೆ.

ಶರಾವತಿ ದಂಡೆ (ಹೊನ್ನಾವರ):
ಸರಿ, ವಿಪಿಎನ್ ಮಾತು ಬಿಟ್ಟೆ. ಮಳೆಗಾಲದಲ್ಲಿ ಆಟದ ನಡುವೆ ಕರೆಂಟು ಹೋದರೂ ದಂಡ ಹಾಕ್ತಾರಲ್ಲ? ಇದು ಅನ್ಯಾಯ.

ಕಾಳಿ ಸಂಗಮ (ಕಾರವಾರ):
ಸರ್ವರ್‌ಗೆ ಕಾಣೋದು ನಿಮ್ಮ ಕಡೆಯಿಂದ ಮಾಹಿತಿ ನಿಂತದ್ದು ಮಾತ್ರ. ಕರೆಂಟು ಹೋದದ್ದೂ, ಸೋಲ್ತೇನೆ ಅಂತ ಕೇಬಲ್ ಕಿತ್ತದ್ದೂ ಅಲ್ಲಿಗೆ ಒಂದೇ ಥರ. ಲ್ಯಾಪ್‌ಟಾಪ್‌ನಲ್ಲೋ ಫೋನಿನಲ್ಲೋ ಆಡೋರಾದರೆ 12 ವೋಲ್ಟ್‌ನ ಮಿನಿ ಯುಪಿಎಸ್ ಸಾಕು. ಫೈಬರ್ ಸಾಧನ ಮತ್ತು ರೂಟರ್ ಎರಡರ ಅಡಾಪ್ಟರ್ ಮೇಲೂ ವೋಲ್ಟ್, ಆಂಪಿಯರ್ ಓದಿ. ಎರಡೂ 12 ವೋಲ್ಟ್, 1 ಆಂಪಿಯರ್ ಆದರೆ ಯುಪಿಎಸ್ 2 ಆಂಪಿಯರ್‌ಗೆ ಕಡಿಮೆ ಇರಬಾರದು. ಒಂದು 9 ವೋಲ್ಟ್‌ದಾದರೆ ಅದೇ ತೂತಿಗೆ ಚುಚ್ಚಬೇಡಿ, ಸುಟ್ಟುಹೋಗ್ತದೆ.

ಕರೆಂಟು ಇದ್ದೂ ಮಳೆಯಲ್ಲಿ ಲೈನ್ ಬಿಟ್ಟುಬಿಟ್ಟು ಬರ್ತಿದ್ದರೆ ಫೈಬರ್ ಸಾಧನದ ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್, ಅಂದರೆ ಸಾಧನಕ್ಕೆ ತಲುಪೋ ಬೆಳಕಿನ ಬಲ, ನೋಡಿ. ಬಿ ಪ್ಲಸ್ ದರ್ಜೆಯ ಜಿಪಾನ್ (ಮನೆ ಫೈಬರ್‌ನ ಒಂದು ತಂತ್ರಜ್ಞಾನ) ಸಾಧನಕ್ಕೆ ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗೆ ಇರಬೇಕು. ಬಿಸಿಲಲ್ಲಿ ಮೈನಸ್ 21 ಇದ್ದದ್ದು ಗಾಳಿಮಳೆಗೆ ಮೈನಸ್ 27ರ ಹತ್ತಿರ ಜಾರಿದರೆ ಎಲ್ಲೋ ಮರದ ಕೊಂಬೆ ಕೇಬಲ್ ಬಗ್ಗಿಸಿದೆ, ಇಲ್ಲವೇ ಜಾಯಿಂಟಿಗೆ ನೀರಿಳಿದಿದೆ. ದೂರು ಕೊಡುವಾಗ ‘ನೆಟ್ ನಿಧಾನ’ ಅನ್ನಬೇಡಿ, ಎರಡೂ ಹೊತ್ತಿನ ಆ ಸಂಖ್ಯೆಯ ಫೋಟೊ ತೆಗೆದು ಕಳಿಸಿ. ಬಂದವರು ರೂಟರ್ ಆಫ್ ಮಾಡಿ ಆನ್ ಮಾಡಿ ಹೋಗೋ ಬದಲು ಸೀದಾ ಕಂಬ ನೋಡ್ತಾರೆ.