ಚೆಂಡಿನ ಗಾಳಿ ಇಳಿಸಿದರಾ, ಇಳಿಯಿತಾ? ಗೇಜ್ ಕೆಲಸದವರಿಗೆ ನಮ್ಮ ಪ್ರಶ್ನೆಗಳು

ಪ್ರಶ್ನೆ, ದಾವಣಗೆರೆಯಿಂದ:

ಮೇಡಂ, ನಮಸ್ಕಾರ. ನೀವು ಪ್ರೆಷರ್ ಗೇಜ್ ಕ್ಯಾಲಿಬ್ರೇಷನ್ ಕೆಲಸದವರು, ಮೊದಲು ಪೀಣ್ಯದಲ್ಲಿ ಇದ್ದಿರಿ, ಈಗ ಬಾಸ್ಟನ್ ಹತ್ತಿರ ಇದ್ದೀರಿ ಅಂತ ಗುಂಪಿನಲ್ಲಿ ಓದಿದ್ದೆ. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ನನ್ನ ತಮ್ಮನ ಮಗ ಇಂಡಿಯಾನಾಪೊಲಿಸ್‌ನಲ್ಲಿ ಓದುತ್ತಿದ್ದಾನೆ. ಅವನಿಗೆ ಅಲ್ಲಿನ ಫುಟ್‌ಬಾಲ್ ಹುಚ್ಚು ಹಿಡಿದುಬಿಟ್ಟಿದೆ. ಟಾಮ್ ಬ್ರೇಡಿ ಚೆಂಡಿನ ಗಾಳಿ ತೆಗೆಸಿ ನಮ್ಮ ಟೀಮನ್ನು ಸೋಲಿಸಿದ, ಅವನು ಮೋಸಗಾರ ಅಂತ ಫೋನ್ ಮಾಡಿದಾಗಲೆಲ್ಲ ಹೇಳುತ್ತಾನೆ. ನನಗೆ ತಲೆಬುಡ ಅರ್ಥವಾಗಲಿಲ್ಲ. ಎರಡೂ ಟೀಮು ಆಡೋದು ಒಂದೇ ಚೆಂಡಲ್ಲಿ ಅಲ್ವಾ? ಗಾಳಿ ಕಮ್ಮಿಯಾದರೆ ಇಬ್ಬರಿಗೂ ಕಮ್ಮಿ ತಾನೇ?

ಉತ್ತರ:

ನಮಸ್ಕಾರ ಸರ್. ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಬ್ರೇಡಿ ಆಡುತ್ತಿದ್ದ ಪೇಟ್ರಿಯಟ್ಸ್ ಟೀಮಿನ ಸೀಮೆಯಲ್ಲಿ. ಇಲ್ಲಿ ಅಕ್ಕಪಕ್ಕದವರೆಲ್ಲ ಅವರ ಕಡೆಯೇ. ಆದರೂ ನಾನು ಹೇಳುವುದು ಅಳತೆಯ ಲೆಕ್ಕ ಮಾತ್ರ. ಅದು ಯಾರ ಕಡೆಗೆ ಹೋದರೂ ಸರಿ.

ಒಂದೇ ಚೆಂಡು ಅಂದುಕೊಂಡಿರಲ್ಲ, ವಿಷಯ ಇರೋದು ಅಲ್ಲೇ. ನಾವು ನೋಡುವ, ಕಾಲಲ್ಲಿ ಆಡುವ ಫುಟ್‌ಬಾಲಿನಲ್ಲಿ ಅದು ನಿಜ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಅಲ್ಲಿ ಒಂದು ಟೀಮು ದಾಳಿ ಮಾಡುವಾಗ ತನ್ನದೇ ಚೆಂಡು ಬಳಸುತ್ತದೆ. ಎದುರಿನವರ ಸರದಿ ಬಂದಾಗ ಅವರ ಚೆಂಡು ಬರುತ್ತದೆ. ಮೊದಲು ಎಲ್ಲ ಚೆಂಡನ್ನೂ ತವರಿನ ಟೀಮೇ ಕೊಡುತ್ತಿತ್ತು. ಬ್ರೇಡಿ, ಪೇಟನ್ ಮ್ಯಾನಿಂಗ್ ಇಬ್ಬರೂ ಮುಂದೆ ನಿಂತು ಕೇಳಿಕೊಂಡ ಮೇಲೆ 2006ರಲ್ಲಿ ನಿಯಮ ಬದಲಾಯಿತು. ಚೆಂಡು ಎಸೆಯುವವನನ್ನು ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ. ಒಬ್ಬೊಬ್ಬನ ಕೈಗೆ ಒಂದೊಂದು ಥರ ಇಷ್ಟ. ಬ್ರೇಡಿಗೆ ಸ್ವಲ್ಪ ಮೆತ್ತಗಿನದು ಬೇಕಿತ್ತು, ಆರನ್ ರಾಜರ್ಸ್‌ಗೆ ಬಿಗಿಯಾದದ್ದು ಬೇಕಿತ್ತು. ಗಾಳಿ ಕಮ್ಮಿ ಇದ್ದರೆ ಹಿಡಿತ ಚೆನ್ನಾಗಿ ಸಿಗುತ್ತದೆ, ಮಳೆಯಲ್ಲಂತೂ ಇನ್ನೂ ಜಾಸ್ತಿ ಉಪಯೋಗ. ಅದಕ್ಕೇ ನಿಯಮ ಒಂದು ಗೆರೆ ಎಳೆದಿದೆ: ಒತ್ತಡ 12.5ರಿಂದ 13.5 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ) ಒಳಗೆ ಇರಬೇಕು. ಪಂದ್ಯಕ್ಕೆ ಮೊದಲು ರೆಫರಿ ನೋಡಿ ಒಪ್ಪಿದ ಮೇಲೆ ಯಾರೂ ಕೈ ಹಾಕುವಂತಿಲ್ಲ.

ಗಲಾಟೆಯಾದದ್ದು 2015ರ ಜನವರಿ 18ರಂದು, ಫಾಕ್ಸ್‌ಬರೋದಲ್ಲಿ. ಪೇಟ್ರಿಯಟ್ಸ್ ಮತ್ತು ಇಂಡಿಯಾನಾಪೊಲಿಸ್ ಕೋಲ್ಟ್ಸ್ ನಡುವಿನ ಪಂದ್ಯ, ಗೆದ್ದವರು ಸೂಪರ್ ಬೌಲ್‌ಗೆ, ಅಂದರೆ ಫೈನಲ್‌ಗೆ. ಎದುರಾಳಿಯ ಚೆಂಡಿನ ಬಗ್ಗೆ ಕೋಲ್ಟ್ಸ್ ಪಂದ್ಯಕ್ಕೆ ಮೊದಲೇ ದೂರು ಕೊಟ್ಟಿದ್ದರು. ಹಾಗಾಗಿ ವಿರಾಮದಲ್ಲಿ ಪೇಟ್ರಿಯಟ್ಸ್‌ನ 11 ಚೆಂಡು ಅಳೆದರು. ಹನ್ನೊಂದೂ 12.5ಕ್ಕಿಂತ ಕೆಳಗೆ ಇದ್ದವು.

ಪ್ರಶ್ನೆ, ಹಾಸನದಿಂದ:

ಹನ್ನೊಂದಕ್ಕೆ ಹನ್ನೊಂದೂ ಕಮ್ಮಿ ಅಂದರೆ ಇನ್ನೇನು ಬೇಕು ಮೇಡಂ? ಸಿಕ್ಕಿಬಿದ್ದರು ಅಂತಲೇ ಅಲ್ವಾ?

ಉತ್ತರ:

ಅಷ್ಟು ಬೇಗ ಬೇಡ ಸರ್. ನಿಮ್ಮ ಕಾರಿನ ಟೈರನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಬಿಸಿಲಲ್ಲಿ ಓಡಿಸಿಕೊಂಡು ಬಂದು ಗಾಳಿ ಹಿಡಿಸಿದರೆ ಮಾರನೇ ಬೆಳಗ್ಗೆ ಚಳಿಯಲ್ಲಿ ಕಮ್ಮಿ ತೋರಿಸುತ್ತದೆ. ಯಾರೂ ರಾತ್ರಿ ಬಂದು ತೆಗೆದಿರುವುದಿಲ್ಲ. ಚೆಂಡೂ ಅಷ್ಟೇ.

ಲೆಕ್ಕ ಹೀಗೆ ಬರುತ್ತದೆ. ಗೇಜ್ 12.5 ತೋರಿಸುವಾಗ ಒಳಗಿನ ನಿಜವಾದ ಒತ್ತಡ 12.5 ಅಲ್ಲ. ಹೊರಗಿನ ಗಾಳಿಯ 14.7 ಸೇರಿಸಬೇಕು, ಒಟ್ಟು 27.2. ರೆಫರಿ ಕೋಣೆಯಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್, ಅಂದರೆ 295 ಕೆಲ್ವಿನ್. ಹೊರಗೆ ಮೈದಾನದಲ್ಲಿ ಮಳೆ, ಸುಮಾರು 10 ಡಿಗ್ರಿ, 283 ಕೆಲ್ವಿನ್. 27.2ನ್ನು 283ರಿಂದ ಗುಣಿಸಿ 295ರಿಂದ ಭಾಗಿಸಿ, ಆಮೇಲೆ 14.7 ಕಳೆಯಿರಿ. 11.4 ಆಸುಪಾಸು ಬರುತ್ತದೆ. ಯಾರೂ ಮುಟ್ಟದೇ ಒಂದು ಪಿಎಸ್‌ಐಗಿಂತ ಜಾಸ್ತಿ ಇಳಿಯಿತು, ನೋಡಿ. ಆ ಮೊದಲ ವಾರಗಳಲ್ಲಿ ಲೆಕ್ಕ ಹಾಕಿದ ಕೆಲವರು ಈ 14.7 ಸೇರಿಸುವುದನ್ನೇ ಮರೆತರು. ಆಗ ಬರೀ ಅರ್ಧ ಪಿಎಸ್‌ಐ ಇಳಿಕೆ ಬರುತ್ತದೆ, ಉಳಿದದ್ದು ಕಳ್ಳತನದ ಹಾಗೆ ಕಾಣುತ್ತದೆ. ಪಿಯುಸಿ ಫಿಸಿಕ್ಸ್ ಇದು. ಅದರಲ್ಲಿ ತಪ್ಪಿದ್ದಕ್ಕೆ ಒಬ್ಬ ಮನುಷ್ಯನ ಹೆಸರು ಹಾಳಾಗುವುದು ನನಗೆ ಸಹಿಸುವುದಿಲ್ಲ.

ಇನ್ನೊಂದು. 12 ಚೆಂಡಿನಲ್ಲಿ 11 ತಲಾ 2 ಪಿಎಸ್‌ಐ ಕಮ್ಮಿ ಇದ್ದವು ಅಂತ ಎರಡೇ ದಿನದಲ್ಲಿ ಸುದ್ದಿ ಹಬ್ಬಿತು. ಅದು ಸುಳ್ಳು. ಆಮೇಲೆ ಹೊರಬಂದ ಅಂಕಿಗಳಲ್ಲಿ ಅಷ್ಟು ಇಳಿದದ್ದು ಒಂದೇ ಚೆಂಡು, ಅದೂ ಎರಡರಲ್ಲಿ ಒಂದು ಗೇಜ್‌ನಲ್ಲಿ ಮಾತ್ರ. ಆದರೆ ಜನರ ತಲೆಯಲ್ಲಿ ಕೂತದ್ದು ಆ ಮೊದಲ ಸುದ್ದಿ.

ಪ್ರಶ್ನೆ, ಪುಣೆಯಿಂದ, ಮೆಕ್ಯಾನಿಕಲ್ ಇಂಜಿನಿಯರ್:

ಅಕ್ಕಾ, ಲೆಕ್ಕ ಒಪ್ಪಿದೆ. ಆದರೆ ಕೋಲ್ಟ್ಸ್ ಚೆಂಡುಗಳೂ ಅದೇ ಮಳೆ, ಅದೇ ಚಳಿಯಲ್ಲಿ ಇದ್ದವಲ್ಲ? ಅವು ಯಾಕೆ ಅಷ್ಟು ಇಳಿಯಲಿಲ್ಲ?

ಉತ್ತರ:

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ ತಮ್ಮಾ. ತನಿಖೆ ಮಾಡಿದ ವಕೀಲ ಟೆಡ್ ವೆಲ್ಸ್ ಅವರ ವರದಿ ನಿಂತಿರುವುದೇ ಈ ಪ್ರಶ್ನೆಯ ಮೇಲೆ. 243 ಪುಟದ ವರದಿ, 2015ರ ಮೇ 6ರಂದು ಬಂತು. ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಮೊದಲನೆಯದಾಗಿ, ಶುರುವಿನ ಅಂಕಿಯೇ ಬೇರೆ. ಪೇಟ್ರಿಯಟ್ಸ್ ಚೆಂಡು 12.5ಕ್ಕೆ, ಕೋಲ್ಟ್ಸ್ ಚೆಂಡು 13ರ ಹತ್ತಿರಕ್ಕೆ ತುಂಬಿದ್ದವು. ಆಮೇಲೆ ವಿರಾಮದಲ್ಲಿ ಪೇಟ್ರಿಯಟ್ಸ್ ಚೆಂಡುಗಳನ್ನೇ ಮೊದಲು ಅಳೆದರು, ಅವು ಹೊರಗಿನಿಂದ ಆಗಷ್ಟೇ ಬಂದಿದ್ದವು, ತಣ್ಣಗಿದ್ದವು, ಒದ್ದೆಯಾಗಿದ್ದವು. ಕೋಲ್ಟ್ಸ್ ಚೆಂಡುಗಳು ಅಷ್ಟು ಹೊತ್ತೂ ಬೆಚ್ಚಗಿನ ಕೋಣೆಯಲ್ಲಿ ಕಾಯುತ್ತಾ ಇದ್ದವು, ಕಾದಷ್ಟೂ ಒತ್ತಡ ಏರುತ್ತಾ ಹೋಗುತ್ತದೆ. ಅವುಗಳಲ್ಲೂ ನಾಲ್ಕನ್ನು ಮಾತ್ರ ಅಳೆದರು, ಯಾಕೆಂದರೆ ವಿರಾಮ ಮುಗಿದುಹೋಯಿತು. ಆ ನಾಲ್ಕರಲ್ಲಿ ಮೂರು ಒಂದು ಗೇಜ್‌ನಲ್ಲಿ 12.5ಕ್ಕಿಂತ ಕೆಳಗೇ ಇದ್ದವು! ವೆಲ್ಸ್ ಅವರ ತಜ್ಞರು ಈ ಸಮಯದ ಲೆಕ್ಕವನ್ನೂ ಹಾಕಿದರು, ಆದರೂ ಎರಡು ಟೀಮಿನ ಇಳಿಕೆಯ ನಡುವಿನ ವ್ಯತ್ಯಾಸಕ್ಕೆ ಅದರಿಂದ ಪೂರ್ತಿ ಉತ್ತರ ಸಿಗುವುದಿಲ್ಲ ಅಂದರು. ಯಾವ ಚೆಂಡನ್ನು ಎಷ್ಟನೇ ನಿಮಿಷಕ್ಕೆ ಅಳೆದರು ಅಂತ ಯಾರೂ ಬರೆದಿಡದೇ ಇದ್ದಾಗ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಲು ನನ್ನಿಂದಂತೂ ಆಗುತ್ತಿರಲಿಲ್ಲ.

ಈಗ ಗೇಜ್ ವಿಷಯ. ರೆಫರಿ ವಾಲ್ಟ್ ಆಂಡರ್ಸನ್ ಹತ್ತಿರ ಎರಡು ಗೇಜ್ ಇದ್ದವು. ಒಂದಕ್ಕೆ ವಿಲ್ಸನ್ ಕಂಪನಿಯ ಗುರುತು ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಗುರುತಿನ ಗೇಜ್ ಇನ್ನೊಂದಕ್ಕಿಂತ 0.3ರಿಂದ 0.45ರಷ್ಟು ಜಾಸ್ತಿ ತೋರಿಸುತ್ತಿತ್ತು. ಪಂದ್ಯಕ್ಕೆ ಮೊದಲು ಯಾವುದನ್ನು ಬಳಸಿದಿರಿ ಅಂದಾಗ, ನೆನಪಿರುವ ಮಟ್ಟಿಗೆ ಗುರುತಿನದು ಅಂತಲೇ ಅವರು ಹೇಳಿದರು. ವರದಿ ಬೇರೆ ವಿಷಯಗಳಲ್ಲೆಲ್ಲ ಅವರ ನೆನಪನ್ನು ನಂಬಿತು, ಇದೊಂದರಲ್ಲಿ ಮಾತ್ರ ಇಲ್ಲ, ಅವರು ಬಳಸಿದ್ದು ಇನ್ನೊಂದೇ ಇರಬೇಕು ಅಂದಿತು. ಇದರಿಂದ ಏನು ವ್ಯತ್ಯಾಸ ಅಂತೀರಾ? ಹವಾಮಾನದಿಂದಲೇ ಚೆಂಡು 11.32ರಿಂದ 11.52ರ ಒಳಗೆ ಇಳಿಯಬಹುದು ಅಂತ ವರದಿಯ ತಜ್ಞರೇ ಹೇಳಿದ್ದಾರೆ. ವಿರಾಮದಲ್ಲಿ ಹನ್ನೊಂದು ಚೆಂಡಿನ ಸರಾಸರಿ ಗುರುತಿನ ಗೇಜ್‌ನಲ್ಲಿ 11.49, ಇನ್ನೊಂದರಲ್ಲಿ 11.11. ರೆಫರಿಯ ನೆನಪು ಸರಿ ಇದ್ದರೆ ಹೋಲಿಸಬೇಕಾದದ್ದು 11.49, ಅದು ತಜ್ಞರು ಹೇಳಿದ ಆ ಅಂತರದ ಒಳಗೇ ಬರುತ್ತದೆ. ನೆನಪು ತಪ್ಪಾಗಿದ್ದರೆ 11.11, ಅಂದರೆ 0.2ರಷ್ಟು ಕೆಳಗೆ. ಇಡೀ ಕೇಸು ಈ 0.2ರ ಮೇಲೆ ನಿಂತಿತ್ತು. ಎರಡು ಗೇಜ್‌ಗಳ ನಡುವಿನ ವ್ಯತ್ಯಾಸವೇ ಅದಕ್ಕಿಂತ ಜಾಸ್ತಿ ಇತ್ತು!

ಪಂದ್ಯಕ್ಕೆ ಮೊದಲಿನ ಒಂದೇ ಒಂದು ರೀಡಿಂಗ್ ಕೂಡ ಎಲ್ಲೂ ಬರೆದಿಟ್ಟಿಲ್ಲ. ಇದು ನನಗೆ ಇವತ್ತಿಗೂ ನಂಬಲು ಕಷ್ಟ. ಪೀಣ್ಯದಲ್ಲಿ ನಾನು ಹೊಸದಾಗಿ ಸೇರಿದ್ದಾಗ ಒಂದು ಗೇಜ್‌ಗೆ ಸರಿ ಮಾಡುವ ಮೊದಲಿನ ರೀಡಿಂಗ್ ಬರೆಯದೇ, ಸರಿ ಮಾಡಿದ ಮೇಲಿನದು ಮಾತ್ರ ಬರೆದಿದ್ದೆ. ನಮ್ಮ ಮೇಲಿನವರು ಆ ಸರ್ಟಿಫಿಕೇಟ್ ಹರಿದು ಕೈಗೆ ಕೊಟ್ಟರು. ಬಂದಾಗ ಹೇಗಿತ್ತು ಅಂತ ಗೊತ್ತಿಲ್ಲದೇ ಈಗ ಏನಾಗಿದೆ ಅಂತ ಹೇಗೆ ಹೇಳುತ್ತೀಯಮ್ಮಾ ಅಂದರು. ಒಂದು ಬಾಯ್ಲರ್ ಗೇಜ್‌ಗೆ ಇಷ್ಟು ಕಟ್ಟುನಿಟ್ಟು.

ಪ್ರಶ್ನೆ, ಮತ್ತೆ ಹಾಸನದವರು:

ಸರಿ, ಅಂಕಿ ಬಿಡಿ. ಯಾರೋ ಚೆಂಡಿನ ಚೀಲ ತಗೊಂಡು ಬಾತ್‌ರೂಮಿಗೆ ಹೋದ ಅಂತ ಓದಿದೆ. ಅದು?

ಉತ್ತರ:

ಹೌದು. ಅದನ್ನು ನಾನು ಮುಚ್ಚಿಡುವುದಿಲ್ಲ. ರೆಫರಿಗಳ ಕೋಣೆ ನೋಡಿಕೊಳ್ಳುತ್ತಿದ್ದ ಪೇಟ್ರಿಯಟ್ಸ್ ನೌಕರ ರೆಫರಿಗೆ ಹೇಳದೇ ಚೀಲ ಎತ್ತಿಕೊಂಡು ಹೋದರು. ದಾರಿಯಲ್ಲಿ ಬಾತ್‌ರೂಮಿನೊಳಗೆ ಸುಮಾರು 1 ನಿಮಿಷ 40 ಸೆಕೆಂಡ್ ಇದ್ದರು. ಕ್ಯಾಮೆರಾದಲ್ಲಿ ಸಮಯ ಸಮೇತ ಇದೆ. ಅದೇ ಮನುಷ್ಯ ಒಂದು ಮೆಸೇಜ್‌ನಲ್ಲಿ ತನ್ನನ್ನು ಡಿಫ್ಲೇಟರ್, ಅಂದರೆ ಗಾಳಿ ಇಳಿಸುವವನು, ಅಂತ ಕರೆದುಕೊಂಡಿದ್ದರು. ಅದು ಮೈತೂಕ ಇಳಿಸುವ ಮಾತು ಅಂತ ಟೀಮಿನವರು ಆಮೇಲೆ ವಿವರಣೆ ಕೊಟ್ಟರು. ಆ ವಿವರಣೆ ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಜೊತೆಗೆ 2007ರಲ್ಲಿ ಎದುರಾಳಿಯ ಸನ್ನೆಗಳನ್ನು ವಿಡಿಯೋ ಮಾಡಿ ಇದೇ ಟೀಮು ದಂಡ ಕಟ್ಟಿತ್ತು. ಅನುಮಾನ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಅದೇ ಮೆಸೇಜ್‌ಗಳಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. 2014ರ ಅಕ್ಟೋಬರ್‌ನಲ್ಲಿ ಜೆಟ್ಸ್ ಅನ್ನುವ ಟೀಮಿನ ವಿರುದ್ಧದ ಪಂದ್ಯದಲ್ಲಿ ಕೆಲವು ಚೆಂಡು 16 ಪಿಎಸ್‌ಐ ಹತ್ತಿರ ಇದ್ದವಂತೆ, ರೆಫರಿ ಪರೀಕ್ಷೆ ಆದ ಮೇಲೂ. 13.5 ಮೀರಬಾರದು ಅನ್ನುವ ಆಟದಲ್ಲಿ 16! ಅಳೆಯುವವರೇ ಇಷ್ಟು ಸಡಿಲ ಇದ್ದರೆ ಆಟಗಾರರು ನಿಯಮಕ್ಕೆ ಎಷ್ಟು ಬೆಲೆ ಕೊಟ್ಟಾರು?

ಪ್ರಶ್ನೆ, ನ್ಯೂಜೆರ್ಸಿಯಿಂದ:

ಶಿಕ್ಷೆ ನ್ಯಾಯವಾಗಿತ್ತಾ ಮೇಡಂ? ಕೋರ್ಟ್ ಕೂಡ ಬ್ರೇಡಿ ತಪ್ಪು ಅಂದಿತಲ್ಲ?

ಉತ್ತರ:

ಕೋರ್ಟ್ ಹಾಗೆ ಹೇಳಿಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಬ್ರೇಡಿಗೆ ಗೊತ್ತಿದ್ದಿರುವ ಸಂಭವ ಇಲ್ಲದಿರುವುದಕ್ಕಿಂತ ಜಾಸ್ತಿ, ಅಷ್ಟೇ ವೆಲ್ಸ್ ವರದಿ ಹೇಳಿದ್ದು. ಅದರ ಮೇಲೆ ಬ್ರೇಡಿಗೆ 4 ಪಂದ್ಯ ನಿಷೇಧ, ಟೀಮಿಗೆ 10 ಲಕ್ಷ ಡಾಲರ್ ದಂಡ, ಹೊಸ ಆಟಗಾರರನ್ನು ಆರಿಸುವ ಎರಡು ಸರದಿ ಹೋಯಿತು. ಬ್ರೇಡಿ ತನ್ನ ಹಳೇ ಫೋನ್ ನಾಶ ಮಾಡಿಸಿದ್ದು ಅವರಿಗೇ ತಿರುಗುಬಾಣವಾಯಿತು. 2015ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶ ರಿಚರ್ಡ್ ಬರ್ಮನ್ ನಿಷೇಧ ರದ್ದು ಮಾಡಿದರು. 2016ರ ಏಪ್ರಿಲ್‌ನಲ್ಲಿ ಮೇಲಿನ ಕೋರ್ಟ್ 2–1ರಲ್ಲಿ ಅದನ್ನು ಮತ್ತೆ ಜಾರಿ ಮಾಡಿತು. ಮೇಲಿನ ಕೋರ್ಟ್ ನೋಡಿದ್ದು ಶಿಕ್ಷೆ ಕೊಡುವ ಅಧಿಕಾರ ಲೀಗಿನ ಮುಖ್ಯಸ್ಥರಾದ ಕಮಿಷನರ್‌ಗೆ, ಆಟಗಾರರ ಜೊತೆಗಿನ ಒಪ್ಪಂದದಲ್ಲಿ ಇದೆಯಾ ಅಂತ. ಗಾಳಿ ತೆಗೆದರಾ ಇಲ್ವಾ ಅನ್ನುವುದು ಅಲ್ಲಿ ತೀರ್ಮಾನವಾಗಲೇ ಇಲ್ಲ.

ಬೇರೆ ಪ್ರಕರಣಗಳ ಪಕ್ಕ ಇಟ್ಟು ನೋಡಿ. 2014ರ ನವೆಂಬರ್ ಕೊನೆಯಲ್ಲಿ ಮಿನೆಸೋಟದ ಚಳಿಯಲ್ಲಿ, ಒಂದು ಎನ್‌ಎಫ್‌ಎಲ್ ಪಂದ್ಯದಲ್ಲಿ, ಚೆಂಡು ನೋಡಿಕೊಳ್ಳುವ ಹುಡುಗರು ಚೆಂಡನ್ನು ಹೀಟರ್ ಮುಂದೆ ಹಿಡಿದು ಬಿಸಿ ಮಾಡಿದ್ದು ಟಿವಿಯಲ್ಲೇ ಕಂಡಿತು. ಬರೀ ಎಚ್ಚರಿಕೆ ಕೊಟ್ಟು ಬಿಟ್ಟರು. ಬ್ರಾಡ್ ಜಾನ್ಸನ್ ಅನ್ನುವ ಕ್ವಾರ್ಟರ್‌ಬ್ಯಾಕ್ ತಾನು ಗೆದ್ದ ಸೂಪರ್ ಬೌಲ್‌ಗೆ ಮೊದಲು ಚೆಂಡು ಉಜ್ಜಿ ಮೆದು ಮಾಡಲು 7,500 ಡಾಲರ್ ಕೊಟ್ಟೆ ಅಂತ ಆಮೇಲೆ ತಾನೇ ಹೇಳಿದರು. ಅಂಥದ್ದನ್ನೆಲ್ಲ ನೋಡಿದರೆ 4 ಪಂದ್ಯ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮತ್ತೆ ಆ ದಿನ ವಿರಾಮಕ್ಕೆ 17–7 ಇತ್ತು. ಚೆಂಡಿಗೆ ಗಾಳಿ ತುಂಬಿಸಿ ಕೊಟ್ಟ ಮೇಲೆ ಪೇಟ್ರಿಯಟ್ಸ್ ಇನ್ನೂ 28 ಅಂಕ ಗಳಿಸಿ 45–7ರಲ್ಲಿ ಗೆದ್ದರು. ದಾವಣಗೆರೆ ಸರ್, ನಿಮ್ಮ ತಮ್ಮನ ಮಗನಿಗೆ ಇದನ್ನು ಹೇಳಿ. ಟೀಮು ಸೋತದ್ದು ಗಾಳಿಯಿಂದಲ್ಲ.

ಪ್ರಶ್ನೆ, ಮೈಸೂರಿನಿಂದ:

ನಮ್ಮ ದ್ರಾವಿಡ್‌ಗೂ ಚೆಂಡಿನ ವಿಷಯದಲ್ಲಿ ದಂಡ ಬಿದ್ದಿತ್ತಲ್ಲ? ಅದೂ ಇದೇ ಥರಾನಾ?

ಉತ್ತರ:

ಬಿದ್ದಿತ್ತು. 2004ರ ಜನವರಿ, ಬ್ರಿಸ್ಬೇನ್, ಜಿಂಬಾಬ್ವೆ ವಿರುದ್ಧ ಏಕದಿನ ಪಂದ್ಯ. ಬಾಯಲ್ಲಿದ್ದ ಗಂಟಲಿನ ಮಿಠಾಯಿ ಚೆಂಡಿಗೆ ತಾಗಿಸಿದ್ದು ಕ್ಯಾಮೆರಾದಲ್ಲಿ ಕಂಡಿತು. ರೆಫರಿ ಕ್ಲೈವ್ ಲಾಯ್ಡ್ ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡ ಹಾಕಿದರು. ದ್ರಾವಿಡ್ ಮೇಲೆ ನನಗೆ ತುಂಬಾ ಗೌರವ ಇದೆ, ಆದರೂ ಆ ದಂಡ ಸರಿ ಅಂತೀನಿ. 2018ರಲ್ಲಿ ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾದವರ ಮರಳು ಕಾಗದವೂ ಹಾಗೇ ಸಿಕ್ಕಿತು. ಅಲ್ಲಿ ಕೃತ್ಯ ಕಣ್ಣಿಗೆ ಕಂಡಿದೆ, ಬ್ರೇಡಿ ವಿಷಯದಲ್ಲಿ ಕಂಡದ್ದು ಬಾತ್‌ರೂಮಿನ ಬಾಗಿಲು ಮಾತ್ರ.

ಪ್ರಶ್ನೆ, ಬೆಂಗಳೂರು ಆಸ್ಟಿನ್ ಟೌನ್‌ನಿಂದ:

ಅಕ್ಕಾ, ಈಗ ಅಲ್ಲಿ ಏನು ಬದಲಾಗಿದೆ? ನಾವು ಇಲ್ಲಿ ಹುಡುಗರಿಗೆ ಫುಟ್‌ಬಾಲ್ ಟೂರ್ನಮೆಂಟ್ ಮಾಡ್ತೀವಿ. ಚೆಂಡು ಒತ್ತಿ ನೋಡಿ ಸಾಕು ಅಂತೀವಿ. ಗೇಜ್ ಬೇಕಾ?

ಉತ್ತರ:

2015ರಿಂದ ಅಲ್ಲಿ ಇಬ್ಬರು ಅಧಿಕಾರಿಗಳು ಅಳೆಯುತ್ತಾರೆ, ಚೆಂಡಿಗೆ ನಂಬರ್ ಹಾಕುತ್ತಾರೆ, ರೀಡಿಂಗ್ ಬರೆದಿಡುತ್ತಾರೆ. ಕೆಲವು ಪಂದ್ಯಗಳಲ್ಲಿ ವಿರಾಮಕ್ಕೂ ಅಳೆದರು. ಆದರೆ ಆ ಅಂಕಿಗಳನ್ನು ಲೀಗ್ ಹೊರಗೆ ಬಿಡಲಿಲ್ಲ, ಅದು ನನಗೆ ಬೇಜಾರಿನ ವಿಷಯ. ಚಳಿಯಲ್ಲಿ ಚೆಂಡು ಎಷ್ಟು ಇಳಿಯುತ್ತದೆ ಅಂತ ಎಲ್ಲರೂ ನೋಡಬಹುದಿತ್ತು.

ನಿಮಗೆ ಗೇಜ್ ಖಂಡಿತ ಬೇಕು, ಆದರೆ ಒಂದೇ ಸಾಕು, ಮತ್ತು ಇಡೀ ಟೂರ್ನಮೆಂಟಿಗೆ ಅದೇ ಇರಲಿ. ಫಿಫಾ ನಿಯಮದಲ್ಲಿ 8.5ರಿಂದ 15.6 ಪಿಎಸ್‌ಐವರೆಗೆ ಅವಕಾಶ ಇದೆ, ಅಷ್ಟು ದೊಡ್ಡ ಅಂತರ ನಿಮಗೆ ಬೇಡ, ನೀವೇ ಒಂದು ಅಂಕಿ ಗೊತ್ತು ಮಾಡಿ ಎಲ್ಲ ಪಂದ್ಯಕ್ಕೂ ಅದನ್ನೇ ಇಡಿ. ಚೆಂಡನ್ನು ಮೈದಾನದಲ್ಲೇ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಅಳೆಯಿರಿ. ಎರಡೂ ಟೀಮಿನ ನಾಯಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನೋಟ್‌ಬುಕ್‌ನಲ್ಲಿ ಬರೆದು ಇಬ್ಬರ ಸಹಿ ಹಾಕಿಸಿ. ಪದೇ ಪದೇ ಚುಚ್ಚಬೇಡಿ, ಪ್ರತಿ ಸಲ ಸ್ವಲ್ಪ ಗಾಳಿ ಹೋಗುತ್ತದೆ. ಸೂಜಿಯನ್ನು ಮೊದಲು ಒದ್ದೆ ಮಾಡಿಕೊಳ್ಳಿ, ಒಣ ಸೂಜಿ ಹಾಕಿದರೆ ವಾಲ್ವ್ ಹಾಳಾಗುತ್ತದೆ.