ಎಲ್ಲ ಗರ್ಭಿಣಿಯರೂ ಮಾಡಿಸಲೇಬೇಕಾ ಈ ಟೆಸ್ಟ್?

ಚಿಕ್ಕಪ್ಪ: (ಫಾರ್ವರ್ಡ್) ಒಂದೇ ರಕ್ತ ಪರೀಕ್ಷೆ ಸಾಕು! ಗರ್ಭಿಣಿಗೆ ಬಿಪಿ ಏರುತ್ತದೋ ಇಲ್ಲವೋ ಅಂತ ತಿಂಗಳುಗಳ ಮೊದಲೇ ಹೇಳುತ್ತದೆ. ಎಲ್ಲರೂ ತಪ್ಪದೇ ಮಾಡಿಸಿ 🙏🙏

ಚಿಕ್ಕಪ್ಪ: ದಿವ್ಯಾ, ಏಳು ತಿಂಗಳು ತುಂಬಿತಲ್ಲ, ನಾಳೆನೇ ಮಾಡಿಸಿಬಿಡು.

ಸುಧಾ: ಚಿಕ್ಕಪ್ಪ, ಸ್ವಲ್ಪ ತಡೆಯಿರಿ. ಟೆಸ್ಟ್ ನಿಜ, ಮೆಸೇಜ್ ಮಾತ್ರ ಅದನ್ನ ತಲೆಕೆಳಗು ಮಾಡಿದೆ. ಪ್ಲಾಸೆಂಟಾಗೆ (ಮಗುವಿಗೆ ಆಹಾರ ಕೊಡೋ ಮಾಸು) ರಕ್ತ ಸರಿಯಾಗಿ ಸಿಗದಿದ್ದರೆ ಅದು ಎಸ್‌ಎಫ್‌ಎಲ್‌ಟಿ-1 ಅನ್ನೋ ಪ್ರೋಟೀನನ್ನು ಜಾಸ್ತಿ ಬಿಡುತ್ತದೆ, ಅದು ತಾಯಿಯ ರಕ್ತನಾಳಗಳಿಗೆ ಬೇಕಾದ ಪಿಎಲ್‌ಜಿಎಫ್ ಅನ್ನೋ ಇನ್ನೊಂದು ಪ್ರೋಟೀನನ್ನು ಹಿಡಿದು ಕೂರಿಸುತ್ತದೆ. ಇವೆರಡರ ಅನುಪಾತ ನೋಡುತ್ತಾರೆ. ಪ್ರಿಎಕ್ಲಾಂಪ್ಸಿಯಾ, ಅಂದ್ರೆ ಗರ್ಭಿಣಿಗೆ ಬಿಪಿ ಏರಿ ತಾಯಿ-ಮಗುವಿಗೆ ಅಪಾಯ ತರೋ ಕಾಯಿಲೆ, ಇರಬಹುದು ಅಂತ ಅನುಮಾನ ಇದ್ದವರ ಮೇಲೆ 2016ರಲ್ಲಿ ಬಂದ ಅಧ್ಯಯನ ನೋಡಿ: 38 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದಿನ ಒಂದು ವಾರ ಭಯ ಇಲ್ಲ ಅನ್ನೋದು 99%ಗಿಂತ ಜಾಸ್ತಿ ಸರಿ. 38 ದಾಟಿದವರಲ್ಲಿ ನಾಲ್ಕು ವಾರದೊಳಗೆ ಕಾಯಿಲೆ ಬಂದಿದ್ದು ಸುಮಾರು 37% ಜನಕ್ಕೆ ಅಷ್ಟೇ. ಅಂದ್ರೆ "ಸದ್ಯಕ್ಕೆ ಇಲ್ಲ" ಅಂತ ಹೇಳೋದ್ರಲ್ಲಿ ಗಟ್ಟಿ, "ಬಂದೇ ಬರುತ್ತೆ" ಅನ್ನೋದ್ರಲ್ಲಿ ಅಲ್ಲ.

ಚಿಕ್ಕಪ್ಪ: ಒಂದು ಸೂಜಿ ಚುಚ್ಚಿಸಿಕೊಂಡರೆ ನಷ್ಟ ಏನಮ್ಮಾ?

ಸುಧಾ: ಜಾಸ್ತಿ ಬಂದರೆ ಸುಮ್ನೆ ನಿದ್ದೆ ಹಾಳು. ಚೆನ್ನಾಗಿ ಬಂದರೆ ಇನ್ನೂ ಅಪಾಯ, ಮುಂದಿನ ತಿಂಗಳು ತಲೆನೋವು ಬಂದರೂ "ಟೆಸ್ಟ್ ನಾರ್ಮಲ್ ಇತ್ತಲ್ಲ" ಅಂತ ಮಲಗಿಬಿಡುತ್ತಾರೆ.

ಮಾಲಾ ಅತ್ತಿಗೆ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಈ ಟೆಸ್ಟ್‌ಗೆ ಒಪ್ಪಿಗೆ ಕೊಟ್ಟಿದೆ ಕಣೇ. ಸುಮ್ನೆ ಕೊಡುತ್ತಾರಾ?

ಸುಧಾ: ಯಾರಿಗೆ ಅಂತನೂ ಓದಿ ಅತ್ತಿಗೆ. ಬಿಪಿ ಏರಿ ಆಸ್ಪತ್ರೆ ಸೇರಿದವರಿಗೆ, ಅದೂ 23 ವಾರದಿಂದ 35 ವಾರ ತುಂಬುವ ಮುಂಚೆ. ಎಲ್ಲರಿಗೂ ಅಂತ ಎಲ್ಲಿದೆ?

ಕಿರಣ: ಮೂರನೇ ತಿಂಗಳಲ್ಲೂ ಒಂದು ಮಾಡುತ್ತಾರಲ್ಲ?

ಸುಧಾ: ಅದರ ಲೆಕ್ಕವೇ ಬೇರೆ. ಬಿಪಿ, ಗರ್ಭಕೋಶದ ರಕ್ತನಾಳದ ಸ್ಕ್ಯಾನ್, ಪಿಎಲ್‌ಜಿಎಫ್ ಎಲ್ಲ ಸೇರಿಸಿ ನೋಡಿ, ರಿಸ್ಕ್ ಜಾಸ್ತಿ ಇದ್ದವರಿಗೆ ರಾತ್ರಿ ಆಸ್ಪಿರಿನ್ ಕೊಡುತ್ತಾರೆ. 2017ರ ಅಧ್ಯಯನದಲ್ಲಿ, ದಿನಕ್ಕೆ 150 ಮಿಲಿಗ್ರಾಂ ತಗೊಂಡವರಲ್ಲಿ 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ 62% ಕಡಿಮೆಯಾಯಿತು. ಇದನ್ನು ಓದಿ ಯಾರೂ ತಾವೇ ಮಾತ್ರೆ ನುಂಗಬೇಡಿ, ಮೊದಲೇ ಹೇಳಿದ್ದೇನೆ.

ದಿವ್ಯಾ: ನನ್ನ ಬಗ್ಗೆ ನನ್ನನ್ನೂ ಒಂದು ಮಾತು ಕೇಳಿ 😀 ಬಿಪಿ 112/70, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಡಾಕ್ಟರ್ ಆ ಟೆಸ್ಟ್ ಹೆಸರೂ ಎತ್ತಿಲ್ಲ. ನಾನು ಏನು ಗಮನಿಸಬೇಕು, ಅಷ್ಟು ಹೇಳು ಸುಧಾ.

ಸುಧಾ: ಬಿಪಿ 140/90 ಮುಟ್ಟಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ, ಮುಖ ಕೈ ಇದ್ದಕ್ಕಿದ್ದಂತೆ ಊದಿದರೆ ಅವತ್ತೇ ಆಸ್ಪತ್ರೆಗೆ ಹೋಗು. ಹಳೇ ರಿಪೋರ್ಟ್ ಏನೇ ಹೇಳಲಿ.

ಚಿಕ್ಕಪ್ಪ: ಆದರೂ ಡಾಕ್ಟರ್ ಹತ್ತಿರ ಒಂದು ಮಾತು ಕೇಳು ಅಂತೀನಿ ನಾನು.

ದಿವ್ಯಾ: ಬುಧವಾರ ಚೆಕಪ್ ಇದೆ, ಕೇಳುತ್ತೇನೆ. ಅಷ್ಟರೊಳಗೆ ನನ್ನ ಬಿಪಿ ಮೆಷಿನ್ ವಾಪಸ್ ಕಳಿಸಿ ಚಿಕ್ಕಪ್ಪ, ತಗೊಂಡು ಹೋಗಿ ಎಷ್ಟು ದಿನ ಆಯ್ತು.